ಸ್ಟಾಕ್ ಫೋಟೊ ಮಾರೋಕೆ ಇಳಿಯೋ ಮುಂಚೆ: ಹವ್ಯಾಸಿಗೆ ಯಾವ ಸೈಟು, ಸ್ಟುಡಿಯೊದವ್ರಿಗೆ ಯಾವುದು

ಹೋದ ತಿಂಗಳು ಒಂದೇ ವಾರದಲ್ಲಿ ಇಬ್ರು ನನ್ನ ಹತ್ರ ಒಂದೇ ಪ್ರಶ್ನೆ ಕೇಳಿದ್ರು. ಒಬ್ರು ಶಿರಸಿ ಕಡೆ ಪಿಯು ಕಾಲೇಜಲ್ಲಿ ಬಾಟನಿ ಮೇಷ್ಟ್ರು, ಭಾನುವಾರ ಬಂತು ಅಂದ್ರೆ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ತೋಟ ಬೆಟ್ಟ ಅಂತ ಸುತ್ತೋರು, ಹತ್ತು ವರ್ಷದ ಫೋಟೊ ಎರಡು ಹಾರ್ಡ್ ಡಿಸ್ಕ್ ತುಂಬ ಇದೆ. ಇನ್ನೊಬ್ಬ ನನ್ನ ಹಳೇ ಗೆಳೆಯ, ಹಾವೇರಿಲಿ ಮದುವೆ ಫೋಟೊ ಸ್ಟುಡಿಯೊ ಇಟ್ಟಿದಾನೆ, ಆಷಾಢ ಬಂದ್ರೆ ಕೆಲಸ ಇಲ್ಲ, ಲೈಟು ಲೆನ್ಸು ಎಲ್ಲಾ ಸುಮ್ನೆ ಬಿದ್ದಿರುತ್ತೆ. ಇಬ್ರೂ ಕೇಳಿದ್ದು ಇಷ್ಟೇ, ಆನ್‌ಲೈನ್‌ನಲ್ಲಿ ಸ್ಟಾಕ್ ಫೋಟೊ ಮಾರಿದ್ರೆ ದುಡ್ಡು ಬರುತ್ತಂತಲ್ಲ, ಯಾವ ಸೈಟಿಗೆ ಹಾಕ್ಲಿ?

ನಾನು ಆಫೀಸ್ ಕೆಲಸದ ಜೊತೆಗೆ ಎಂಟು ವರ್ಷದಿಂದ ಇದನ್ನ ಮಾಡ್ತಾ ಇದೀನಿ, ಇಬ್ರಿಗೂ ಒಂದೇ ಉತ್ತರ ಕೊಡೋಕೆ ಆಗಲಿಲ್ಲ. ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೀತಿದೀನಿ, ಇದೇ ಯೋಚನೇಲಿ ಇನ್ನೂ ಎಷ್ಟೋ ಜನ ಇರ್ತೀರ ಅಂತ.

ಮೊದ್ಲು ಒಂದು ಮಾತು ಗೊತ್ತಿರಲಿ. ಸ್ಟಾಕ್ ಫೋಟೊ ಅಂದ್ರೆ ಮೊದ್ಲೇ ತೆಗೆದು ಸೈಟಲ್ಲಿ ಇಟ್ಟಿರೋ, ಬೇಕಾದವ್ರು ದುಡ್ಡು ಕೊಟ್ಟು ಬಳಸೋ ಫೋಟೊ. ಇಲ್ಲಿ ನೀವು ಫೋಟೊ ಮಾರಲ್ಲ, ಫೋಟೊ ಬಳಸೋ ಲೈಸೆನ್ಸ್ ಮಾರ್ತೀರ. ಅದೇ ಫೋಟೊ ಜರ್ಮನಿಯ ಒಂದು ಔಷಧಿ ಕಂಪನಿಯ ಬ್ರೋಷರ್‌ಗೂ ಹೋಗಬಹುದು, ಧಾರವಾಡದ ಕೋಚಿಂಗ್ ಸೆಂಟರ್‌ನ ಬ್ಯಾನರ್‌ಗೂ ಹೋಗಬಹುದು. ವಿಂಡೋಸ್ ಎಕ್ಸ್‌ಪಿ ಹಾಕಿದ ಕಂಪ್ಯೂಟರ್ ನೋಡಿದವ್ರಿಗೆಲ್ಲ ಆ ಹಸಿರು ಗುಡ್ಡ ನೀಲಿ ಆಕಾಶ ನೆನಪಿರುತ್ತೆ, ಅದು ಚಾರ್ಲ್ಸ್ ಓ'ರಿಯರ್ ಅನ್ನೋರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕಡೆ ಕಾರಲ್ಲಿ ಹೋಗ್ತಾ ನಿಲ್ಲಿಸಿ ತೆಗೆದ ಫೋಟೊ, ಸ್ಟಾಕ್ ಏಜೆನ್ಸಿಲಿ ಇತ್ತು, ಮೈಕ್ರೋಸಾಫ್ಟ್ ಆಮೇಲೆ ಅದರ ಪೂರ್ತಿ ಹಕ್ಕು ಕೊಂಡ್ಕೊಳ್ತು. ಆಗ ಸ್ಟಾಕ್ ಅಂದ್ರೆ ಪ್ರೊಫೆಷನಲ್‌ಗಳ ಕೋಟೆ. ಏಜೆನ್ಸಿ ಒಳಗೆ ಹೋಗೋದೇ ಕಷ್ಟ, ಹೋದ್ರೆ ಒಂದು ಫೋಟೊಗೆ ನೂರಾರು ಡಾಲರ್.

ಆ ಕೋಟೆ ಒಡೆದಿದ್ದು ಹವ್ಯಾಸಿಗಳೇ. 2000ದಲ್ಲಿ ಕೆನಡಾದ ಕ್ಯಾಲ್ಗರಿಲಿ ಬ್ರೂಸ್ ಲಿವಿಂಗ್‌ಸ್ಟನ್ ಐಸ್ಟಾಕ್‌ಫೋಟೊ ಶುರು ಮಾಡಿದ್ರು, ಮೊದ್ಲು ಫೋಟೊ ಹಂಚ್ಕೊಳ್ಳೋ ಜಾಗ ಅದು, ಆಮೇಲೆ ತೀರಾ ಕಮ್ಮಿ ಬೆಲೆಗೆ ಮಾರೋಕೆ ಶುರು ಆಯ್ತು. 2003ರಲ್ಲಿ ನ್ಯೂಯಾರ್ಕ್‌ನಲ್ಲಿ ಜಾನ್ ಒರಿಂಗರ್ ತಾವೇ ತೆಗೆದ ಸುಮಾರು 30,000 ಫೋಟೊ ಹಾಕಿ ಶಟರ್‌ಸ್ಟಾಕ್ ತೆಗೆದ್ರು, ತಿಂಗಳ ಚಂದಾ ಕಟ್ಟಿ ಎಷ್ಟು ಬೇಕೋ ತಗೊಳ್ಳಿ ಅನ್ನೋ ಲೆಕ್ಕ. ಅದೇ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಬೆಲೆ ಇಳೀತು, ಸಂಜೆ ಕೆಲಸ ಮುಗಿಸಿ ಬಂದ ಇಂಜಿನಿಯರ್ರು, ಟೀಚರ್ರು, ಗೃಹಿಣಿಯರು ಫೋಟೊ ಹಾಕೋಕೆ ಶುರು ಮಾಡಿದ್ರು. ಪ್ರೊಫೆಷನಲ್ ಒಬ್ರು ನೂರು ನೂರೈವತ್ತು ಡಾಲರ್ ಕೇಳೋ ಫೋಟೊಗೆ ಹತ್ತಿರ ಇರೋದು ಅಲ್ಲಿ ಒಂದು ಡಾಲರ್‌ಗೆ ಸಿಗ್ತಿತ್ತು. 2006ರಲ್ಲಿ ಪ್ರೊಫೆಷನಲ್‌ಗಳ ದೊಡ್ಡ ಸ್ಟಾಕ್ ಏಜೆನ್ಸಿ ಗೆಟ್ಟಿ ಇಮೇಜಸ್ 5 ಕೋಟಿ ಡಾಲರ್ ಕೊಟ್ಟು ಐಸ್ಟಾಕ್‌ನ ಕೊಂಡ್ಕೊಳ್ತು. ಎದುರಾಳಿನ ಮನೆ ಒಳಗೇ ಕರ್ಕೊಂಡಂಗೆ.

ಇಷ್ಟು ಕಥೆ ಯಾಕೆ ಹೇಳಿದೆ ಅಂದ್ರೆ, ಹವ್ಯಾಸಿಗಳೇ ಪ್ರೊಫೆಷನಲ್‌ಗಳ ಹೊಟ್ಟೆ ಮೇಲೆ ಹೊಡೀತಿದಾರೆ ಅನ್ನೋ ಮಾತು ಈಗ್ಲೂ ಕೇಳಿ ಬರುತ್ತೆ, ಆದ್ರೆ 2020ರಿಂದೀಚೆಗೆ ತಕ್ಕಡಿ ಇನ್ನೊಂದು ಕಡೆ ವಾಲಿದೆ, ಯಾವ ಕಡೆ ಅನ್ನೋದು ಸೈಟ್ ಆರಿಸೋವಾಗ ಗೊತ್ತಿರ್ಲೇಬೇಕು.

ಯಾವುದನ್ನ ಇಟ್ಕೊಂಡು ಅಳೀಬೇಕು

ನಾನು ಐದು ವಿಷಯ ನೋಡ್ತೀನಿ.

ಮೊದಲನೇದು, ಒಂದು ಫೋಟೊಗೆ ನಿಮ್ಮ ಕೈಯಿಂದ ಬೀಳೋ ಖರ್ಚು. ಸ್ಟುಡಿಯೊದವನು ಇಬ್ರು ಮಾಡೆಲ್, ಮೇಕಪ್‌ನವ್ರು, ಜಾಗದ ಬಾಡಿಗೆ, ಊಟ ಅಂತ ಒಂದು ದಿನಕ್ಕೆ 30,000 ರೂಪಾಯಿ ಹಾಕ್ದ ಅಂತ ಇಟ್ಕೊಳ್ಳಿ, 150 ಒಳ್ಳೆ ಫೋಟೊ ಬಂತು, ಒಂದಕ್ಕೆ 200 ರೂಪಾಯಿ. ಡೌನ್‌ಲೋಡಿಗೆ 30 ರೂಪಾಯಿ ಲೆಕ್ಕ ಹಿಡಿದ್ರೂ ಪ್ರತಿಯೊಂದು ಫೋಟೊ ಏಳು ಸಲ ಹೋಗ್ಬೇಕು, ಆಗ ಹಾಕಿದ ದುಡ್ಡು ವಾಪಸ್ಸು, ಲಾಭ ಆಮೇಲಿನ ಮಾತು. ಹವ್ಯಾಸಿಗೆ ಆ 200 ರೂಪಾಯಿ ಇಲ್ಲ, ಹೇಗೂ ಬೆಟ್ಟಕ್ಕೆ ಹೋಗ್ತಿದ್ರು, ಹೇಗೂ ಫೋಟೊ ತೆಗೀತಿದ್ರು. ಆದ್ರೆ ಟೈಮ್ ಲೆಕ್ಕ ಹಾಕೋದನ್ನ ಎಲ್ಲಾ ಹವ್ಯಾಸಿಗಳೂ ಮರೀತಾರೆ. ಒಂದು ಫೋಟೊ ಆರಿಸಿ, ಧೂಳಿನ ಚುಕ್ಕೆ ತೆಗೆದು, ಟೈಟಲ್ಲು, ಕೀವರ್ಡು (ಗಿರಾಕಿ ಹುಡುಕೋ ಪದಗಳು) ಬರ್ದು ಅಪ್‌ಲೋಡ್ ಮಾಡೋಕೆ ನನಗೆ ಹದಿನೈದು ನಿಮಿಷ ಆದ್ರೂ ಬೇಕು, ನೂರು ಫೋಟೊ ಅಂದ್ರೆ ಇಪ್ಪತ್ತೈದು ಗಂಟೆ, ಅದೆಲ್ಲ ಮನೆಯವರ ಜೊತೆ ಕೂತ್ಕೋಬೇಕಾದ ರಾತ್ರಿಗಳು.

ಎರಡನೇದು, ಒಂದು ಡೌನ್‌ಲೋಡಿಗೆ ಎಷ್ಟು ಸಿಗುತ್ತೆ, ಅದಕ್ಕಿಂತ ಮುಖ್ಯ, ಆ ಪಾಲು ಏರೋ ಏಣಿ ಹೇಗಿದೆ. ಇದನ್ನ ಮುಂದೆ ಬಿಡಿಸಿ ಹೇಳ್ತೀನಿ, ನನ್ನ ಪ್ರಕಾರ ಇಡೀ ನಿರ್ಧಾರ ಇದರ ಮೇಲೇ ನಿಂತಿದೆ.

ಮೂರನೇದು, ಇದೇ ಫೋಟೊನ ಇನ್ಯಾರು ತೆಗೀಬಹುದು? ಹಂಪಿ ಕಲ್ಲಿನ ರಥದ ಮುಂದೆ ಹೋಗಿ ನಿಂತ್ಕೊಳ್ಳಿ, 50 ರೂಪಾಯಿ ನೋಟಿನ ಹಿಂದೆ ಇರೋ ಅದೇ ಕೋನದಿಂದ ತೆಗೆಯೋಕೆ ಜನ ಸಾಲು ನಿಂತಿರ್ತಾರೆ. ಅದರಲ್ಲಿ ನಿಮ್ಮದೂ ಒಂದಾದ್ರೆ ಹುಡುಕಾಟದಲ್ಲಿ ನಲ್ವತ್ತನೇ ಪುಟಕ್ಕೆ ಹೋಗಿ ಬೀಳುತ್ತೆ.

ನಾಲ್ಕನೇದು ಕಾಗದಪತ್ರ. ಮುಖ ಗುರುತು ಸಿಗೋ ಯಾರೇ ಇದ್ರೂ ಜಾಹೀರಾತಿಗೆ ಮಾರ್ಬೇಕಾದ್ರೆ ಮಾಡೆಲ್ ರಿಲೀಸ್ ಅಂತ ಸಹಿ ಹಾಕಿಸ್ಕೋಬೇಕು, ಮಕ್ಕಳಾದ್ರೆ ಅಪ್ಪ ಅಮ್ಮ ಸಹಿ ಹಾಕ್ಬೇಕು. ಇದು ಇಲ್ಲ ಅಂದ್ರೆ ಎಡಿಟೋರಿಯಲ್ ಅಂತ, ಅಂದ್ರೆ ಸುದ್ದಿ ಲೇಖನ ಪಠ್ಯಪುಸ್ತಕಕ್ಕೆ ಮಾತ್ರ ಅಂತ ಹಾಕ್ಬೇಕಾಗುತ್ತೆ. ಐದನೇದು ಬೀಗ, ಅಂದ್ರೆ ಎಕ್ಸ್‌ಕ್ಲೂಸಿವ್ ಒಪ್ಪಂದ. ಒಂದು ಸೈಟಿಗೆ ಕೊಟ್ಮೇಲೆ ಇನ್ನೊಂದು ಕಡೆ ಹಾಕಬಹುದಾ ಇಲ್ವಾ.

ಶಟರ್‌ಸ್ಟಾಕ್ ಮತ್ತೆ ಅಡೋಬಿ ಸ್ಟಾಕ್

ಹೊಸಬರು ಮೊದ್ಲು ಬಾಗಿಲು ತಟ್ಟೋದು ಈ ಎರಡಕ್ಕೇ. ಎರಡರಲ್ಲೂ ಬೀಗ ಇಲ್ಲ, ಅದೇ ಫೋಟೊ ಎರಡೂ ಕಡೆ ಹಾಕಬಹುದು, 4 ಮೆಗಾಪಿಕ್ಸೆಲ್ ಇದ್ರೆ ಸಾಕು, ಫೋನಲ್ಲಿ ತೆಗೆದಿದ್ದಾದ್ರೂ ಕ್ವಾಲಿಟಿ ಚೆನ್ನಾಗಿದ್ರೆ ತಗೋತಾರೆ.

ವ್ಯತ್ಯಾಸ ಇರೋದು ಏಣಿಲಿ. ಶಟರ್‌ಸ್ಟಾಕ್ 2020ರ ಜೂನ್‌ನಲ್ಲಿ ಹೊಸ ಲೆಕ್ಕ ತಂತು, ಆರು ಮೆಟ್ಟಿಲು. ವರ್ಷದಲ್ಲಿ ಮೊದಲ 100 ಡೌನ್‌ಲೋಡ್ ತನಕ ನಿಮ್ಮ ಪಾಲು ಶೇ. 15, 250ರ ತನಕ ಶೇ. 20, 500ರ ತನಕ 25, 2,500ರ ತನಕ 30, 25,000ದ ತನಕ 35, ಅದರ ಮೇಲೆ 40. ಅದಕ್ಕಿಂತ ದೊಡ್ಡ ಹೊಡೆತ ಏನಂದ್ರೆ ಪ್ರತಿ ಜನವರಿ 1ಕ್ಕೆ ಎಲ್ರೂ ಮತ್ತೆ ಮೊದಲ ಮೆಟ್ಟಿಲಿಗೆ. ಚಂದಾದಾರರು ತಗೊಂಡ್ರೆ ಕನಿಷ್ಠ 10 ಸೆಂಟ್, ಅಂದ್ರೆ ನಮ್ಮ ಲೆಕ್ಕದಲ್ಲಿ ಎಂಟೊಂಬತ್ತು ರೂಪಾಯಿ. ಅದಕ್ಕೂ ಮುಂಚೆ 25 ಸೆಂಟಿಂದ ಶುರು ಆಗ್ತಿತ್ತು. ಆಗ ಪ್ರಪಂಚದ ಎಲ್ಲಾ ಕಡೆಯಿಂದ ಫೋಟೊಗ್ರಾಫರ್‌ಗಳು ಸಿಟ್ಟಾಗಿ ಎಷ್ಟೋ ಜನ ತಮ್ಮ ಫೋಟೊ ಮಾರಾಟಕ್ಕೆ ಸಿಗದ ಹಾಗೆ ಆಫ್ ಮಾಡಿದ್ರು.

ಈ ಏಣಿನ ಸ್ವಲ್ಪ ಹೊತ್ತು ನೋಡಿ. ಹತ್ತು ಸಾವಿರ ಫೋಟೊ ಇಟ್ಟಿರೋ ಪ್ರೊಫೆಷನಲ್ ತಂಡ ಜನವರಿ ಮುಗಿಯೋದ್ರೊಳಗೇ 500 ದಾಟಿ ಹೋಗುತ್ತೆ, ವರ್ಷದ ಉಳಿದ ಹನ್ನೊಂದು ತಿಂಗಳು ಅವರಿಗೆ ಶೇ. 30, 35. ಮುನ್ನೂರು ಫೋಟೊ ಇಟ್ಕೊಂಡ ಹವ್ಯಾಸಿ 100 ದಾಟೋದ್ರೊಳಗೆ ದಸರಾ ಬಂದಿರುತ್ತೆ. ಒಂದೇ ಫೋಟೊ, ಒಂದೇ ಗಿರಾಕಿ, ಒಂದೇ ಬೆಲೆ, ಆದ್ರೂ ಪ್ರೊಫೆಷನಲ್‌ಗೆ ಡಬಲ್ ದುಡ್ಡು. ಮೊದ್ಲು ಹವ್ಯಾಸಿಗೆ ಖರ್ಚು ಕಮ್ಮಿ ಅನ್ನೋ ಒಂದು ಅನುಕೂಲ ಇತ್ತು, ಈಗ ಅದನ್ನ ಏಣಿನೇ ತಿಂದು ಹಾಕುತ್ತೆ. ತಕ್ಕಡಿ ವಾಲಿದೆ ಅಂದಿದ್ದು ಇದಕ್ಕೇ.

ಅಡೋಬಿ ಸ್ಟಾಕ್‌ನಲ್ಲಿ ಏಣಿನೇ ಇಲ್ಲ. ಇದು ಮೊದ್ಲು ಫೋಟೋಲಿಯಾ ಅಂತ ಬೇರೆ ಕಂಪನಿ ಇತ್ತು, ಅಡೋಬಿ ಸುಮಾರು 80 ಕೋಟಿ ಡಾಲರ್ ಕೊಟ್ಟು ಕೊಂಡು 2015ರಲ್ಲಿ ಅಡೋಬಿ ಸ್ಟಾಕ್ ಅಂತ ಶುರು ಮಾಡ್ತು. ಫೋಟೊಗೆ ಎಲ್ರಿಗೂ ಶೇ. 33, ವಿಡಿಯೊಗೆ 35, ಮೊದಲನೇ ಫೋಟೊ ಮಾರಿದವನಿಗೂ ಅಷ್ಟೇ, ಲಕ್ಷ ಮಾರಿದವನಿಗೂ ಹೆಚ್ಚುಕಮ್ಮಿ ಅಷ್ಟೇ. ಜೊತೆಗೆ ಅಡೋಬಿಯದ್ದೇ ಆದ ಫೋಟೊಶಾಪ್ ಒಳಗಿಂದಲೇ ಡಿಸೈನರ್‌ಗಳು ಫೋಟೊ ಹುಡುಕಿ ತಗೊಳ್ತಾರೆ, ಹಾಗಾಗಿ ಗಿರಾಕಿ ಒಳ್ಳೆಯವ್ರು. ಕಮ್ಮಿ ಫೋಟೊ ಇರೋ ಹವ್ಯಾಸಿ ಮೊದ್ಲು ಇಲ್ಲಿಂದ ಶುರು ಮಾಡ್ಬೇಕು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. 25 ಡಾಲರ್ ಸೇರಿದ್ರೆ ದುಡ್ಡು ತೆಗೀಬಹುದು.

ಹಾಗಂತ ಶಟರ್‌ಸ್ಟಾಕ್ ಬಿಟ್ಟೇ ಬಿಡಿ ಅಂತ ಹೇಳ್ತಿಲ್ಲ. ಅಲ್ಲಿ ಎಡಿಟೋರಿಯಲ್ ಫೋಟೊ ಸಲೀಸಾಗಿ ತಗೋತಾರೆ, ಜಾತ್ರೆ, ಸಂತೆ, ರಸ್ತೆ ಫೋಟೊಗಳಿಗೆ ಅದು ಬೇಕು. ಕ್ಯಾಪ್ಶನ್‌ನಲ್ಲಿ ಊರು, ದೇಶ, ತಾರೀಖು, ಏನು ನಡೀತಿದೆ ಅಂತ ಅವರು ಹೇಳಿದ ಕ್ರಮದಲ್ಲೇ ಬರೀಬೇಕು, ಒಂದು ಅಲ್ಪವಿರಾಮ ಹೆಚ್ಚುಕಮ್ಮಿ ಆದ್ರೂ ವಾಪಸ್ ಬರುತ್ತೆ. ಅಡೋಬಿಗೆ ರೆಡಿ ಮಾಡಿದ ಕೀವರ್ಡ್‌ಗಳನ್ನ ಫೋಟೊ ಫೈಲ್ ಒಳಗೇ ಸೇವ್ ಮಾಡಿಟ್ರೆ ಶಟರ್‌ಸ್ಟಾಕ್‌ಗೆ ಹಾಕೋಕೆ ಇನ್ನೆರಡು ನಿಮಿಷ ಅಷ್ಟೇ.

ಕೀವರ್ಡ್ ಅಂದಾಗ ನೆನಪಾಯ್ತು, ಅಡೋಬಿಲಿ 49 ಹಾಕಬಹುದು, ಮೊದಲ ಹತ್ತಕ್ಕೆ ತೂಕ ಜಾಸ್ತಿ. ನಾನು ಶುರುನಲ್ಲಿ ಮಾಡಿದ ತಪ್ಪು ಇದೇ, ಹೂವಿನ ಫೋಟೊಗೆ ಸುಂದರ, ಪ್ರಕೃತಿ, ಹಿನ್ನೆಲೆ, ಬೆಳಗು ಅಂತೆಲ್ಲ ಮುಂದೆ ಹಾಕಿ ಹೂವಿನ ಹೆಸರು ಮೂವತ್ತನೇ ಜಾಗದಲ್ಲಿ ಬರ್ದಿದ್ದೆ, ಎರಡು ವರ್ಷ ಒಂದೂ ಹೋಗಲಿಲ್ಲ, ಹೆಸರು ಮುಂದೆ ತಂದ್ಮೇಲೆ ಹೋಗೋಕೆ ಶುರು ಆಯ್ತು.

ಐಸ್ಟಾಕ್, ಗೆಟ್ಟಿ: ಬೀಗ ಹಾಕ್ಕೊಳ್ಳೋ ದಾರಿ

ಐಸ್ಟಾಕ್‌ನಲ್ಲಿ ಬೀಗ ಇಲ್ಲದೆ ಇದ್ರೆ ಫೋಟೊಗೆ ಶೇ. 15, ಬೀಗ ಹಾಕ್ಕೊಂಡ್ರೆ 25ರಿಂದ 45ರ ತನಕ. ಬೀಗ ಹಾಕ್ಕೊಳ್ಳೋದು ಅಂದ್ರೆ ನಿಮ್ಮ ರಾಯಲ್ಟಿ-ಫ್ರೀ (ಒಂದ್ಸಲ ದುಡ್ಡು ಕೊಟ್ಟು ಮತ್ತೆ ಮತ್ತೆ ಬಳಸಬಹುದಾದ) ಫೋಟೊಗಳು ಬೇರೆ ಯಾವ ಸೈಟಲ್ಲೂ ಇರೋ ಹಾಗಿಲ್ಲ. ಚಂದಾ ಲೆಕ್ಕದಲ್ಲಿ ಹೋದ ಫೋಟೊಗೆ ಕೆಲವೊಮ್ಮೆ ಎರಡು ಮೂರು ಸೆಂಟ್ ಕೂಡ ಬರುತ್ತೆ, ಬೀಗ ಇಲ್ದೆ ಅಲ್ಲಿ ಹಾಕೋದು ನನಗಂತೂ ಸಮಾಧಾನ ಇಲ್ಲ.

ಬೀಗ ಯಾರಿಗೆ ಲಾಭ? ಒಂದೇ ಮಟ್ಟದಲ್ಲಿ ಸಾವಿರಾರು ಫೋಟೊ ಹಾಕ್ತಾನೇ ಇರೋರಿಗೆ. ಡೆನ್ಮಾರ್ಕ್‌ನ ಯೂರಿ ಆರ್ಕರ್ಸ್ ಮೈಕ್ರೋಸ್ಟಾಕ್‌ನಲ್ಲಿ, ಅಂದ್ರೆ ಈ ಕಮ್ಮಿ ಬೆಲೆಯ ಸ್ಟಾಕ್ ಸೈಟುಗಳಲ್ಲಿ, ಪ್ರಪಂಚದಲ್ಲೇ ಅತೀ ಹೆಚ್ಚು ಮಾರೋರು ಅಂತ ಹೆಸರಾದವ್ರು, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಾಡೆಲ್ಲು, ಸ್ಟೈಲಿಸ್ಟು, ಎಡಿಟರ್ರು ಅಂತ ಒಂದು ಫ್ಯಾಕ್ಟರಿ ತರ ತಂಡ ಕಟ್ಟಿದ್ರು, 2013ರಲ್ಲಿ ಎಲ್ಲಾ ಬಿಟ್ಟು ಐಸ್ಟಾಕ್ ಜೊತೆ ಎಕ್ಸ್‌ಕ್ಲೂಸಿವ್ ಆದ್ರು. ಆಫೀಸಲ್ಲಿ ನಗ್ತಾ ಕೂತ ನಾಲ್ಕು ಜನ, ಲ್ಯಾಪ್‌ಟಾಪ್ ಮುಂದೆ ಡಾಕ್ಟರ್, ಕೈ ಕುಲುಕೋ ಇಬ್ರು, ಈ ತರ ಫೋಟೊಗಳಲ್ಲಿ ಅಂಥಾ ತಂಡದ ಜೊತೆ ಪೈಪೋಟಿಗೆ ಇಳೀಬೇಡಿ ಅಂತ ಮೇಷ್ಟ್ರಿಗೆ ಸ್ಪಷ್ಟವಾಗಿ ಹೇಳಿದೆ. ಲೈಟು, ಬಟ್ಟೆ, ಮುಖ, ರಿಲೀಸು ಎಲ್ಲದರಲ್ಲೂ ಅವ್ರು ಮುಂದೆ, ಅದರ ಮೇಲೆ ಏಣಿಲೂ ಅವ್ರು ಮುಂದೆ.

ಇನ್ನೊಂದು ವಿಷಯ, 2025ರ ಜನವರಿಲಿ ಗೆಟ್ಟಿ ಮತ್ತೆ ಶಟರ್‌ಸ್ಟಾಕ್ ವಿಲೀನ ಆಗ್ತೀವಿ ಅಂತ ಘೋಷಣೆ ಮಾಡಿದಾವೆ. ಮಾರೋರ ದೃಷ್ಟಿಯಿಂದ ಅಂಗಡಿಗಳ ಸಂಖ್ಯೆ ಕಮ್ಮಿ ಆಗ್ತಿದೆ, ಈ ಹೊತ್ತಲ್ಲಿ ಒಬ್ರಿಗೇ ಬೀಗ ಹಾಕ್ಕೊಳ್ಳೋದು ಹವ್ಯಾಸಿಗೆ ಬೇಡ. ಸ್ಟುಡಿಯೊದವ್ರೂ ಒಂದು ವರ್ಷ ಎರಡು ಮೂರು ಕಡೆ ಹಾಕಿ ಲೆಕ್ಕ ನೋಡಿ ಆಮೇಲೆ ಯೋಚಿಸ್ಲಿ.

ಅಲಾಮಿ: ಅಪರೂಪದ ಫೋಟೊಗಳ ಜಾಗ

ನನಗೆ ಮನಸ್ಸಿಗೆ ಹತ್ತಿರ ಇರೋದು ಇದು. 1999ರಲ್ಲಿ ಇಂಗ್ಲೆಂಡಲ್ಲಿ ಶುರು ಆಯ್ತು, 2020ರಲ್ಲಿ ಅಲ್ಲಿನ ಸುದ್ದಿಸಂಸ್ಥೆ ಪಿಎ ಮೀಡಿಯಾ ಗ್ರೂಪ್ ಕೊಂಡ್ಕೊಳ್ತು. ಪುಸ್ತಕ ಪ್ರಕಾಶಕರು, ಪತ್ರಿಕೆಗಳು, ಎನ್‌ಸೈಕ್ಲೋಪೀಡಿಯಾ ಮಾಡೋರು ಇಲ್ಲಿಗೆ ಬರ್ತಾರೆ. ಈ ಫೋಟೊ ಚೆಂದ ಇದೆಯಾ, ಮಾರುತ್ತಾ ಅಂತ ಅವ್ರು ನೋಡಲ್ಲ, ಫೋಕಸ್ಸು, ನಾಯ್ಸು (ಫೋಟೊ ಕಾಳು ಕಾಳಾಗಿ ಕಾಣೋದು) ಅಷ್ಟೇ ನೋಡ್ತಾರೆ, ಆದ್ರೆ ಒಂದು ಕಂತಲ್ಲಿ ಒಂದು ಫೋಟೊ ಫೇಲ್ ಆದ್ರೆ ಇಡೀ ಕಂತೇ ವಾಪಸ್. ಹಾಗಾಗಿ ಸಣ್ಣ ಸಣ್ಣ ಕಂತಲ್ಲಿ ಕಳಿಸಿ.

ಮಾರಾಟ ಇಲ್ಲಿ ತುಂಬ ನಿಧಾನ. ಸಾವಿರ ಫೋಟೊ ಇದ್ರೂ ತಿಂಗಳಾನುಗಟ್ಟಲೆ ಏನೂ ಇಲ್ದೆ ಇರಬಹುದು. ಹೋದಾಗ ಮಾತ್ರ ಡಾಲರ್‌ಗಳಲ್ಲಿ ಬರುತ್ತೆ, ಸೆಂಟ್‌ಗಳಲ್ಲಿ ಅಲ್ಲ. ಇಲ್ಲೂ 2021ರಿಂದ ಏಣಿ ಬಂದಿದೆ, ವರ್ಷಕ್ಕೆ ಒಟ್ಟು ಮಾರಾಟ 250 ಡಾಲರ್ ದಾಟದೇ ಇದ್ರೆ ನಿಮ್ಮ ಪಾಲು ಶೇ. 20, ದಾಟಿದ್ರೆ 40. ಕಮ್ಮಿ ಮಾರೋನಿಗೆ ಕಮ್ಮಿ ಪಾಲು ಅನ್ನೋ ಅದೇ ಅನ್ಯಾಯ ಇಲ್ಲೂ ಇದೆ, ನಿಜ. ಆದ್ರೆ ಇಲ್ಲಿ ಮೆಟ್ಟಿಲು ಕಮ್ಮಿ, ಎರಡನೇದು ಹವ್ಯಾಸಿಗೂ ಕೈಗೆ ಎಟುಕುವಂಥದ್ದು, ಹದಿನೈದು ಇಪ್ಪತ್ತು ಒಳ್ಳೆ ಮಾರಾಟ ಆದ್ರೆ ಆಯ್ತು.

ಬಾಟನಿ ಮೇಷ್ಟ್ರ ಹಾರ್ಡ್ ಡಿಸ್ಕ್ ಬಗ್ಗೆ ಕೇಳ್ತಾ ಕೇಳ್ತಾ ನನಗೆ ಖುಷಿ ಆಗಿದ್ದು ಇದಕ್ಕೇ. ಸೂರ್ಯಾಸ್ತ, ಜಲಪಾತ ತುಂಬಾ ಇದೆ ಅಂದ್ರು, ಅದು ಬದಿಗಿಡಿ ಸಾರ್ ಅಂದೆ. ಆಮೇಲೆ ಅಡಿಕೆ ಇದೆ ಅಂದ್ರು, ಏನೇನಿದೆ ಅಂತ ಕೇಳಿದ್ರೆ ಮಳೆಗಾಲದಲ್ಲಿ ಕೊನೆಗಳಿಗೆ ಕೊಟ್ಟೆ (ಮಳೆ ತಾಗದಂಗೆ ಮುಚ್ಚೋ ಹೊದಿಕೆ) ಕಟ್ಟೋದು, ಬೋರ್ಡೋ ದ್ರಾವಣ ಹೊಡೆಯೋದು, ಕೊಳೆ ರೋಗ ಬಂದ ಕಾಯಿ ಮೊದಲ ದಿನದಿಂದ ಉದುರೋ ತನಕ ದಿನ ದಿನವೂ, ಕೊನೆಗೌಡ (ಕೊನೆ ಕೊಯ್ಯೋನು) ಮರದಿಂದ ಮರಕ್ಕೆ ಹಾರೋದು, ಸುಲಿಯೋದು, ಬೇಯಿಸೋದು, ಒಣಗಿಸೋದು, ಪೂರ್ತಿ ಸರಣಿ. ಕೊಳೆ ರೋಗದ ಹಿಂದಿರೋ ಫೈಟಾಫ್ಥೊರಾ ಅನ್ನೋ ಜೀವಿಯ ಹೆಸರು, ಅಡಿಕೆಯ ವೈಜ್ಞಾನಿಕ ಹೆಸರು ಅರೆಕಾ ಕಟೆಚು, ತೋಟದ ಊರು, ತಿಂಗಳು, ರೋಗ ಎಷ್ಟನೇ ದಿನಕ್ಕೆ ಹೀಗಾಯ್ತು ಅನ್ನೋದು, ಇಷ್ಟನ್ನ ಸರಿಯಾಗಿ ಬರೆಯೋಕೆ ಕೇಪ್‌ಟೌನ್‌ನ ಯಾವ ಸ್ಟುಡಿಯೊಗೂ ಆಗಲ್ಲ. ಪ್ರೊಫೆಷನಲ್ ಒಬ್ಬ ಈ ಸರಣಿ ಮಾಡ್ಬೇಕು ಅಂದ್ರೆ ಮಳೆಗಾಲ ಪೂರ್ತಿ ಶಿರಸಿಲಿ ರೂಮ್ ಮಾಡ್ಕೊಂಡು ಇರ್ಬೇಕು, ಅವನ ಖರ್ಚಿಗೆ ಆ ಫೋಟೊ ಯಾವತ್ತೂ ಗಿಟ್ಟಲ್ಲ. ಮೇಷ್ಟ್ರಿಗೆ ಅದು ಮನೆ ಹಿಂದಿನ ತೋಟ. ಕೃಷಿ ಪತ್ರಿಕೆ, ಸಸ್ಯರೋಗದ ಪಠ್ಯಪುಸ್ತಕ, ವಿದೇಶಿ ಎನ್‌ಸೈಕ್ಲೋಪೀಡಿಯಾ ಮಾಡೋರು ಹುಡುಕ್ತಾ ಬಂದ್ರೆ ಈ ತರ ಫೋಟೊ ಇಟ್ಟಿರೋರು ಬೆರಳೆಣಿಕೆ ಜನ ಇರ್ತಾರೆ.

ಭಾರತದ ಮುಖಗಳು: ಸ್ಟುಡಿಯೊದವ್ರ ಬಲ ಇರೋದು ಇಲ್ಲಿ

ಗೆಳೆಯನಿಗೆ ಹೇಳಿದ್ದು ಬೇರೆ. ಭಾರತೀಯ ಮುಖಗಳ ಫೋಟೊಗೆ ಬೇಡಿಕೆ ಇದೆ ಅನ್ನೋದಕ್ಕೆ ಸಾಕ್ಷಿ ಬೇಕಂದ್ರೆ ಇಮೇಜಸ್‌ಬಜಾರ್ ನೋಡಿ, ಸಂದೀಪ್ ಮಹೇಶ್ವರಿ 2006ರಲ್ಲಿ ಶುರು ಮಾಡಿದ್ದು, ಭಾರತೀಯ ಜನರ ಫೋಟೊಗಳ ಮೇಲೇ ನಿಂತಿರೋ ಸಂಸ್ಥೆ. ಆದ್ರೆ ಇವತ್ತಿಗೂ ಇಂಡಿಯನ್ ಫ್ಯಾಮಿಲಿ ಅಂತ ಹುಡುಕಿದ್ರೆ ಹೆಚ್ಚಾಗಿ ಬರೋದು ದೊಡ್ಡ ಊರಿನ ಫ್ಲಾಟು, ಸೋಫಾ, ಒಂದೇ ತರದ ಕುರ್ತಾ. ಉತ್ತರ ಕರ್ನಾಟಕದ ಒಂದು ಮನೆಯ ಅಡುಗೆಮನೆ, ರೊಟ್ಟಿ ಬಡಿಯೋ ಅಮ್ಮ, ಮೊಮ್ಮಗಳ ಹತ್ರ ಫೋನ್ ಕಲೀತಿರೋ ಅಜ್ಜಿ, ಹೊಲದಲ್ಲಿ ಕೂತು ಮಣ್ಣು ಪರೀಕ್ಷೆ ರಿಪೋರ್ಟ್ ನೋಡ್ತಿರೋ ರೈತ, ಇದೆಲ್ಲ ಒಳ್ಳೆ ಬೆಳಕಲ್ಲಿ, ಸಹಿ ಮಾಡಿದ ರಿಲೀಸ್ ಜೊತೆ ಬಂದ್ರೆ ಬ್ಯಾಂಕು, ವಿಮೆ, ಬೀಜ ಗೊಬ್ಬರದ ಕಂಪನಿಗಳಿಗೆ ಉಪಯೋಗಕ್ಕೆ ಬರುತ್ತೆ. ಇಲ್ಲಿ ಹವ್ಯಾಸಿ ಸೋಲ್ತಾನೆ, ಯಾಕಂದ್ರೆ ಅಪರಿಚಿತರನ್ನ ಕೂರಿಸಿ ನಗಿಸಿ ಫೋಟೊ ತೆಗೆದು ಸಹಿ ಹಾಕಿಸ್ಕೊಳ್ಳೋದು ಮದುವೆ ಫೋಟೊಗ್ರಾಫರ್‌ಗೆ ದಿನನಿತ್ಯದ ಕೆಲಸ, ನಮ್ಮಂಥವ್ರಿಗೆ ಬಾಯೇ ಬರಲ್ಲ. ಫೋನ್ ಹಿಂದೆ ಇರೋ ಕಂಪನಿ ಗುರುತು, ಗೋಡೆ ಮೇಲಿನ ಕ್ಯಾಲೆಂಡರ್‌ನ ಅಂಗಡಿ ಹೆಸರು ಎಲ್ಲಾ ಅಳಿಸ್ಬೇಕು ಅನ್ನೋದು ಮರೀಬೇಡಿ.

ಅವನ ಮೊದಲ ಯೋಚನೆ ಏನಿತ್ತು ಅಂದ್ರೆ, ಹದಿನೈದು ವರ್ಷದ ಮದುವೆ ಆಲ್ಬಮ್‌ಗಳು ಇದಾವಲ್ಲ, ಅದನ್ನೇ ಹಾಕ್ಬಿಡೋಣ ಅಂತ. ಬೇಡ್ವೇ ಬೇಡ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದೇ ಇದ್ರೆ, ತೆಗೆಸಿದವ್ರೇ ಮೊದಲ ಮಾಲೀಕರು. ಕ್ಯಾಮೆರಾ ನಮ್ಮದು, ಕೈ ನಮ್ಮದು ಅಂದ್ರೆ ನಡೆಯಲ್ಲ. ಇದು ಎಷ್ಟೋ ಸ್ಟುಡಿಯೊದವ್ರಿಗೆ ಗೊತ್ತಿಲ್ಲ, ಗೊತ್ತಾಗದೆ ಹಾಕಿ ಆಮೇಲೆ ಮದುಮಗಳ ಮುಖ ಯಾವುದೋ ಕ್ರೀಮಿನ ಜಾಹೀರಾತಲ್ಲಿ ಬಂದ್ರೆ ಆ ಮನೆಯವ್ರ ಮುಂದೆ ಹೇಗೆ ನಿಂತ್ಕೋತೀರ? ಹವ್ಯಾಸಿ ತಾನೇ ಇಷ್ಟಪಟ್ಟು ತೆಗೆದಿದ್ದಕ್ಕೆ ಈ ತೊಡಕಿಲ್ಲ, ಮಾಲೀಕ ಅವನೇ.

ಫ್ರೀ ಸೈಟುಗಳು

ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಇಲ್ಲೆಲ್ಲ ಹಾಕಿದ್ರೆ ಲಕ್ಷಗಟ್ಟಲೆ ಜನ ನೋಡ್ತಾರೆ, ಹೆಸರು ಬರುತ್ತೆ ಅಂತಾರೆ. ಅನ್‌ಸ್ಪ್ಲ್ಯಾಶ್‌ನ 2021ರಲ್ಲಿ ಗೆಟ್ಟಿ ಕೊಂಡ್ಕೊಳ್ತು, ಉಳಿದ ಎರಡನ್ನ 2019ರಲ್ಲಿ ಆನ್‌ಲೈನ್ ಡಿಸೈನ್ ಕಂಪನಿ ಕ್ಯಾನ್ವಾ ಕೊಂಡ್ಕೊಳ್ತು, ಅಂದ್ರೆ ಪುಕ್ಕಟೆ ಕೊಟ್ಟ ಫೋಟೊಗಳ ಮೇಲೂ ಯಾರೋ ವ್ಯಾಪಾರ ಕಟ್ಟಿದಾರೆ. ಒಂದ್ಸಲ ಯಾರಾದ್ರೂ ಡೌನ್‌ಲೋಡ್ ಮಾಡ್ಕೊಂಡ್ರೆ ಅವರ ಲೈಸೆನ್ಸ್ ವಾಪಸ್ ತಗೊಳ್ಳೋಕೆ ಬರಲ್ಲ. ಬರೀ ಸಂತೋಷಕ್ಕೆ ಹಂಚೋದಾದ್ರೆ ಖಂಡಿತ ಹಂಚಿ, ತಪ್ಪೇನಿಲ್ಲ, ಮಾರೋ ಫೋಟೊ ಮಾತ್ರ ಅಲ್ಲಿ ಹಾಕ್ಬೇಡಿ.

ಎಐ ಬಂದ್ಮೇಲೆ

ಇದನ್ನ ಇಬ್ರೂ ಕೇಳಿದ್ರು. ಗೆಟ್ಟಿ 2022ರ ಸೆಪ್ಟೆಂಬರ್‌ನಲ್ಲೇ ಎಐ ಚಿತ್ರ ತಗೊಳ್ಳಲ್ಲ ಅಂತು, ಅಡೋಬಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಎಐ ಅಂತ ಗುರುತು ಹಾಕಿ ಕೊಟ್ರೆ ತಗೋತೀವಿ ಅಂತು. ಅಡೋಬಿ 2023ರಲ್ಲಿ ತಂದ ಫೈರ್‌ಫ್ಲೈ ಅನ್ನೋ ಚಿತ್ರ ಮಾಡೋ ಎಐ ಕಲಿತಿದ್ದು ಅಡೋಬಿ ಸ್ಟಾಕ್‌ನಲ್ಲಿ ನಾವು ಹಾಕಿದ ಫೋಟೊಗಳಿಂದ್ಲೂ ಹೌದು, ಅದಕ್ಕೆ ಬೋನಸ್ ಅಂತ ಸ್ವಲ್ಪ ದುಡ್ಡೂ ಕೊಟ್ರು. ಇದರಿಂದ ಜಾಸ್ತಿ ಪೆಟ್ಟು ಬೀಳೋದು ಎಲ್ಲಿ ಬೇಕಾದ್ರೂ ತೆಗೀಬಹುದಾದ ಫೋಟೊಗಳಿಗೆ, ಬಿಳಿ ಹಿನ್ನೆಲೆ ಮೇಲೆ ಸೇಬು, ಮೀಟಿಂಗ್‌ನಲ್ಲಿ ನಗೋ ಜನ. ಅದು ಪ್ರೊಫೆಷನಲ್‌ಗಳ ಅನ್ನ. ಕೊಳೆ ರೋಗ ಬಂದ ಅಡಿಕೆನ ಎಐ ಬಿಡಿಸಬಹುದು, ಆದ್ರೆ ಸಸ್ಯರೋಗದ ಪುಸ್ತಕ ಮಾಡೋರು ಅದನ್ನ ಹಾಕೋ ಹಾಗಿಲ್ಲ, ಅವರಿಗೆ ನಿಜವಾದ ತೋಟದ ನಿಜವಾದ ಕಾಯಿ ಬೇಕು.

ದುಡ್ಡು ಕೈಗೆ ಬರೋ ದಾರಿ

ವಿದೇಶದ ದುಡ್ಡು ತರಿಸ್ಕೊಳ್ಳೋಕೆ ಪೇಪಾಲ್ ಅಥವಾ ಪೇಯೊನಿಯರ್ ಅನ್ನೋ ಆನ್‌ಲೈನ್ ಅಕೌಂಟ್ ಬೇಕು, ಪೇಪಾಲ್‌ಗೆ ಬಂದಿದ್ದು ನಮ್ಮ ದೇಶದಲ್ಲಿ ಅಲ್ಲೇ ಕೂರಲ್ಲ, ತಾನಾಗೇ ಬ್ಯಾಂಕಿಗೆ ಬರುತ್ತೆ. ಅಮೆರಿಕದ ಸೈಟುಗಳಲ್ಲಿ ಡಬ್ಲ್ಯೂ-8ಬೆನ್ ಅನ್ನೋ ತೆರಿಗೆ ಫಾರ್ಮ್ ಕೇಳ್ತಾರೆ, ಪ್ಯಾನ್ ನಂಬರ್ ಹಾಕಿ ತುಂಬಿ. ತುಂಬಿದ್ರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಅಮೆರಿಕದ ಮಾರಾಟದ ಮೇಲೆ ಶೇ. 15 ಕಟ್ ಆಗುತ್ತೆ, ಇಲ್ಲಾಂದ್ರೆ ಶೇ. 30. ಇಲ್ಲಿ ರಿಟರ್ನ್ಸ್ ಹಾಕೋವಾಗ ಈ ಆದಾಯ ತೋರಿಸ್ಬೇಕು, ಅಲ್ಲಿ ಕಟ್ ಆಗಿದ್ದಕ್ಕೆ ಕ್ರೆಡಿಟ್ ಕೇಳಬಹುದು, ಆಡಿಟರ್ ಹತ್ರ ಕೂತು ಮಾಡಿಸಿ. ಸರ್ಕಾರಿ ನೌಕರಿಲಿ ಇರೋರು ಮೊದ್ಲು ಇಲಾಖೆಯ ನಿಯಮ ಕೇಳ್ಕೊಳ್ಳಿ.

ಹಾಗಾದ್ರೆ ಯಾರು ಎಲ್ಲಿಗೆ

ಬಜೆಟ್ ಸೊನ್ನೆ, ಫೋನು ಅಥವಾ ಹಳೇ ಕ್ಯಾಮೆರಾ, ವಾರಕ್ಕೆ ಎರಡು ಮೂರು ಗಂಟೆ ಇದ್ರೆ: ಅಡೋಬಿ ಒಂದೇ ಸಾಕು, ವರ್ಷಕ್ಕೆ ಇನ್ನೂರು ಫೋಟೊ, ನಿಮ್ಮ ಊರಿನದ್ದೇ, ಹೊಸ ಲೆನ್ಸ್ ಆಸೆ ಈಗ ಬೇಡ. ಒಂದು ವಿಷಯ ಆಳವಾಗಿ ಗೊತ್ತಿರೋ ಹವ್ಯಾಸಿ, ಹಕ್ಕಿ, ಗಿಡ, ನೇಕಾರಿಕೆ, ದೇವಸ್ಥಾನದ ಶಿಲ್ಪ ಯಾವುದಾದ್ರೂ ಸರಿ: ಅಲಾಮಿ ಮೊದ್ಲು, ಅಲ್ಲಿಗೆ ಹಾಕಿದ್ದರಲ್ಲಿ ಮುಖ ಇಲ್ಲದ ಸಾದಾ ಫೋಟೊಗಳನ್ನ ಅಡೋಬಿಗೂ. ದೇವಸ್ಥಾನದವ್ರಿಗೆ ಒಂದು ಮಾತು, ಪುರಾತತ್ವ ಇಲಾಖೆ ಸ್ಮಾರಕಗಳಲ್ಲಿ ಟ್ರೈಪಾಡ್ ಇಡೋಕೆ ಅನುಮತಿ ಬೇಕು. ಸ್ಟುಡಿಯೊ ಇರೋರು, ಒಂದು ಸೀಸನ್‌ಗೆ ಇಪ್ಪತ್ತು ಮೂವತ್ತು ಸಾವಿರ ಹಾಕೋ ಶಕ್ತಿ ಇರೋರು: ಅಡೋಬಿ, ಶಟರ್‌ಸ್ಟಾಕ್ ಎರಡೂ, ಜನವರಿಲಿ ಜಾಸ್ತಿ ಹೊಸ ಫೋಟೊ ಬರೋ ಹಾಗೆ ಪ್ಲಾನ್ ಮಾಡಿ ಏಣಿ ಬೇಗ ಹತ್ತಿ, ಒಂದು ವರ್ಷದಲ್ಲಿ ಹಾಕಿದ ಖರ್ಚಿನ ಅರ್ಧನಾದ್ರೂ ವಾಪಸ್ ಬಂದಿಲ್ಲ ಅಂದ್ರೆ ಮಾಡೆಲ್ ಖರ್ಚು ನಿಲ್ಲಿಸಿ ಸ್ಥಳೀಯ ಕಂಪನಿಗಳಿಗೆ ನೇರವಾಗಿ ಮಾಡಿಕೊಡೋದೇ ವಾಸಿ. ಹಬ್ಬದ ಫೋಟೊಗಳು ಹಬ್ಬಕ್ಕೆ ಎರಡು ಮೂರು ತಿಂಗಳು ಮುಂಚೆ ಸೈಟಲ್ಲಿ ಇರ್ಬೇಕು, ಈ ವರ್ಷದ ಯುಗಾದಿ ಫೋಟೊ ಮಾರೋದು ಬರೋ ವರ್ಷದ ಜನವರಿ ಫೆಬ್ರವರಿಲಿ.

ಮೇಷ್ಟ್ರು ಮೊದಲ ಕಂತು ಇಪ್ಪತ್ತು ಫೋಟೊ ಆರಿಸಿ ಕಳಿಸಿದಾರೆ, ಎಲ್ಲಾ ಕೊಳೆ ರೋಗದ್ದೇ. ಗೆಳೆಯ ಮದುವೆ ಬುಕಿಂಗ್ ಫಾರ್ಮ್‌ನಲ್ಲಿ ಫೋಟೊ ಬಳಕೆ ಬಗ್ಗೆ ಒಂದು ಸಾಲು ಸೇರಿಸೋಕೆ ವಕೀಲರ ಹತ್ರ ಹೋಗಿದಾನೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಮಾಲು ಬರೋಕೆ ಶುರು ಆದಾಗ ಮೂವರೂ ಒಟ್ಟಿಗೆ ಹೋಗೋಣ ಅಂತ ಮಾತಾಗಿದೆ. ಮೇಷ್ಟ್ರು ರಾಶಿ, ತಳಿ, ತೂಕ, ಹರಾಜು ಅಂತ ಎಡಿಟೋರಿಯಲ್‌ಗೆ ತೆಗೀತಾರೆ, ಅವನು ಕಾಯಿ ಆರಿಸೋ ಹೆಣ್ಣುಮಕ್ಕಳ ಹತ್ರ ಕೂತು ಮಾತಾಡಿಸಿ, ಅವರಿಗೆ ದಿನದ ಕೂಲಿ ಕೊಟ್ಟು, ಏನಕ್ಕೆ ಸಹಿ ಅಂತ ಕನ್ನಡದಲ್ಲಿ ಓದಿ ಹೇಳಿ ರಿಲೀಸ್ ತಗೊಂಡು ಆಮೇಲೆ ಕ್ಯಾಮೆರಾ ಎತ್ತುತಾನೆ.